ಬೆಕ್ಕಿಗೆ ಆಟದ ಸಾಮಾನು

ಮಕ್ಕಳು ತಮಗಾಗಿ ಆಟದ ಸಾಮಾನುಗಳನ್ನು ಮಾಡಿಕೊಳ್ಳುವುದು ಸಹಜವಾದುದು. ಮನೆಯ ಬೆಕ್ಕಿಗಾಗಿ ಮಾಡಿಕೊಡುವುದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ವಿದ್ಯೆ. ಅಲ್ಲಿ ಮಾತನಾಡಲಾರದ ಪ್ರಾಣಿಯ ಇಷ್ಟವನ್ನೂ ಅದಕ್ಕೆ ಬರಬಹುದಾದ ಕೇಡನ್ನೂ ತಾವೇ ಊಹಿಸಬೇಕಾಗುತ್ತದೆ.

ಅಮರಕೋಶದಲ್ಲಿ ಬೆಕ್ಕಿಗೆ ಹೇಳಿರುವ ಹೆಸರುಗಳಲ್ಲಿ ಆಖುಭುಕ್ ಎಂಬುದೂ ಒಂದು. ಇಲಿಯನ್ನು ತಿನ್ನುವುದೆಂದು ಇದರ ಅರ್ಥ. ಬೆಕ್ಕಿನ ಆಟವೆಲ್ಲವೂ ಈ ಹೆಸರಿನಲ್ಲಿ ಅಡಗಿದೆ. ಹೊಂಚುವುದು, ನೆಗೆಯುವುದು, ಹಿಡಿಯುವುದು, ಕಚ್ಚುವುದು, ಇವೇ ಅದರ ಆಟಗಳು. ಹೊಟ್ಟೆ ತುಂಬಿದ್ದರೂ ಈ ಸ್ವಭಾವವು ಸುಮ್ಮನಿರದು. ಅದಕ್ಕೆ ತಕ್ಕ ವಸ್ತು ದೊರೆಯದಿದ್ದರೆ ನಮ್ಮ ಕಾಲ್ಬೆರಳೂ ಸೀರೆಯ ಸೆರಗೂ ಇಲಿಗಳಾಗುತ್ತವೆ.

ಎಲ್ಲಕ್ಕಿಂತ ಸುಲಭವಾದುದು ಕಾಗದದ ಉಂಡೆ. ಬರೆದು ಬಿಟ್ಟ ಹಾಳೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಮುದುರಿ ಉರುಳಿಸಿದರೆ ಸಾಕು. ಅದರ ಸರಸರ ಶಬ್ದವೇ ಬೆಕ್ಕನ್ನು ಕರೆಯುತ್ತದೆ. ಎರಡನೆಯದು ರಟ್ಟಿನ ಪೆಟ್ಟಿಗೆ. ಪಿನ್ನುಗಳನ್ನೂ ಅಂಟುಪಟ್ಟಿಯನ್ನೂ ಕಿತ್ತುಹಾಕಿ, ಪಕ್ಕಗಳಲ್ಲಿ ಪಂಜವು ಸರಾಗವಾಗಿ ಹೋಗಿಬರುವಷ್ಟು, ಆದರೆ ತಲೆ ತೂರದಷ್ಟು ರಂಧ್ರಗಳನ್ನು ಹಿರಿಯರಿಂದ ಕೊರೆಯಿಸಿ, ಒಳಗೆ ಅದೇ ಉಂಡೆಯನ್ನು ಹಾಕಬೇಕು. ಬೆಕ್ಕು ಬಹಳ ಹೊತ್ತು ಕೈಹಾಕಿ ಹುಡುಕುವುದು.

ಮೂರನೆಯದು ಬಟ್ಟೆಯ ಇಲಿ. ಗೇಣುದ್ದದ ಹಳೆಯ ಹತ್ತಿಬಟ್ಟೆಯನ್ನು ಮಡಿಸಿ, ಎರಡು ಮಗ್ಗುಲು ಹೊಲಿದು, ಚಿಂದಿಯನ್ನು ತುಂಬಿ, ಬಾಯನ್ನು ಒತ್ತೊತ್ತಾಗಿ ಹೊಲಿಯಬೇಕು. ಕಣ್ಣಿಗೆ ಮಣಿ, ಬಾಲಕ್ಕೆ ದಾರ ಬೇಕೆಂದು ಮಕ್ಕಳು ಹಟಮಾಡುವರು. ಕೂಡದು. ಇದನ್ನು ನಾನು ಬಹಳ ಬೆಲೆ ತೆತ್ತು ಕಲಿತೆನು.

ನಾಲ್ಕು ವರ್ಷಗಳ ಹಿಂದೆ ಮೊಮ್ಮಗಳ ಕೈಗೆ ನೂಲಿನ ಉಂಡೆಯನ್ನು ಕೊಟ್ಟು, ಬೆಕ್ಕಿನ ಮರಿಯನ್ನು ಆಡಿಸೆಂದು ಹೇಳಿದವನು ನಾನೇ. ಬೆಕ್ಕಿನ ನಾಲಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುತ್ತವೆ. ಆದಕಾರಣ ಬಾಯಿಗೆ ಬಂದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ನುಂಗುತ್ತಲೇ ಹೋಗುತ್ತದೆ. ಒಂದು ತುದಿಯು ನಾಲಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡರೆ, ಉಳಿದ ದಾರವು ಕರುಳನ್ನು ನಿರಿಗೆಯಂತೆ ಸುಕ್ಕಿಸಿ ಕೊಯ್ದುಬಿಡುವುದುಂಟು. ಮರಿಯು ವಾಂತಿ ಮಾಡಿ ಆಹಾರ ಬಿಟ್ಟಾಗ, ತಾನಾಗಿಯೇ ಸರಿಹೋದೀತೆಂದು ಎರಡು ದಿನ ಕಳೆದೆನು. ಮೂರನೆಯ ದಿನ ಪಶುವೈದ್ಯರ ಬಳಿಗೆ ಒಯ್ಯುವಾಗ ಕಾಲ ಮಿಂಚಿತ್ತು.

"ತಾತ, ನಾನು ಆಡಿಸಿದ್ದರಿಂದಲೇ ಸತ್ತಿತೇ?" ಎಂದು ಮಗು ಕೇಳಿತು.

"ಇಲ್ಲಮ್ಮ, ತಿಳಿಯದೆ ಕೊಟ್ಟವನು ನಾನು" ಎಂದೆನು.

ಆದ್ದರಿಂದ ಹೊಲಿಗೆಯ ದಾರ, ಹೂ ಕಟ್ಟುವ ನೂಲು, ರಬ್ಬರಿನ ಉಂಗುರ, ಇವುಗಳನ್ನು ಗೃಹಿಣಿಯರು ಮುಚ್ಚಳವಿರುವ ಡಬ್ಬಿಯಲ್ಲಿ ಇಡತಕ್ಕದ್ದು. ಬೆಕ್ಕಿನ ಬಾಯಿಂದಲೋ ಹಿಂಬದಿಯಿಂದಲೋ ದಾರ ಜೋತಾಡುತ್ತಿದ್ದರೆ ಎಳೆಯಲೇಕೂಡದು. ಒಡನೆಯೇ ವೈದ್ಯರಲ್ಲಿಗೆ ಒಯ್ಯಬೇಕು.

ಇನ್ನು ಆಡಿಸುವ ಕ್ರಮ. ಆಟದ ವಸ್ತುವನ್ನು ಬೆಕ್ಕಿನ ಮುಖಕ್ಕೆ ಹಿಡಿಯಬಾರದು. ತೀರ ಹತ್ತಿರದ ವಸ್ತುವು ಅದಕ್ಕೆ ಸ್ಪಷ್ಟವಾಗಿ ಕಾಣದು. ಇಲಿ ಓಡುವಂತೆ ದೂರಕ್ಕೆ ಸರಿಸಿ, ದಿಂಬಿನ ಮರೆಯಲ್ಲಿ ಅಡಗಿಸಬೇಕು. ಬರಿಗೈಯನ್ನು ಬೇಟೆಯಾಗಿ ಮಾಡಿದರೆ ಪರಚುವ ಅಭ್ಯಾಸವಾಗುತ್ತದೆ. ಬೆಳಗ್ಗೆ ಸಂಜೆ ಹತ್ತು ಹತ್ತು ನಿಮಿಷಗಳು ಸಾಕು. ಕೊನೆಗೆ ಬೆಕ್ಕಿಗೆ ಹಿಡಿಯಲು ಬಿಡಲೇಬೇಕು. ಎಂದಿಗೂ ಸಿಕ್ಕದ ಬೇಟೆಯು ಆಟವಲ್ಲ, ಪೀಡೆ. ಆಟ ಮುಗಿದೊಡನೆ ಹರಿದ ಸಾಮಾನುಗಳನ್ನು ತೆಗೆದುಹಾಕಬೇಕು.

ಈಗ ನಮ್ಮ ಮನೆಗೆ ಇನ್ನೊಂದು ಬೆಕ್ಕು ಬಂದಿದೆ. ಮೊಮ್ಮಗಳು ಬಟ್ಟೆಯ ಇಲಿಯನ್ನು ಹೊಲಿದು, ಹೊಲಿಗೆಯನ್ನು ಎಳೆದೆಳೆದು ಪರೀಕ್ಷಿಸಿದ ಮೇಲೆ ನನ್ನ ಕೈಗೆ ಕೊಡುತ್ತಾಳೆ. "ನೀವೂ ಒಂದು ಸಲ ನೋಡಿಬಿಡಿ, ತಾತ" ಎನ್ನುತ್ತಾಳೆ.