ಒಂದು ವಾರದ ಕೆಲಸಕ್ಕೆ ವರ್ಷದ ಲೈಸೆನ್ಸು

ನಂಜನಗೂಡಿನ ಎಟಿ ಅಂಡ್ ಎಸ್ ಕಾರ್ಖಾನೆ ಬರಿಯ ಸರ್ಕ್ಯೂಟ್ ಬೋರ್ಡು ತಯಾರಿಸುತ್ತದೆ. ಮೈಸೂರಿನ ಕೇನ್ಸ್, ಸೈಯೆಂಟ್ ಡಿಎಲ್‌ಎಂ ಕಂಪನಿಗಳು ಬೋರ್ಡಿನ ಮೇಲೆ ಬಿಡಿಭಾಗಗಳನ್ನು ಕೂರಿಸಿಕೊಡುತ್ತವೆ. ಬೋರ್ಡು ಮಾಡುವುದರಲ್ಲಿ ಇಷ್ಟು ಪಳಗಿದ ಊರಿನಲ್ಲೂ, ಹೆಬ್ಬಾಳದಲ್ಲೋ ಹೂಟಗಳ್ಳಿಯಲ್ಲೋ ಮೂರ್ನಾಲ್ಕು ಜನ ಸೇರಿ ಬೋರ್ಡು ವಿನ್ಯಾಸ ಮಾಡುವ ಕಚೇರಿ ತೆರೆದರೆ, ಬೋರ್ಡಿನಲ್ಲಿ ಸಿಗ್ನಲ್ ಕೆಡದೆ ತಲುಪೀತೇ ಎಂದು ಮೊದಲೇ ಲೆಕ್ಕಹಾಕಿ ತೋರಿಸುವ ಸಿಗ್ನಲ್ ಇಂಟೆಗ್ರಿಟಿ ಸಿಮ್ಯುಲೇಷನ್ ತಂತ್ರಾಂಶದ ಬೆಲೆ ಕೇಳಿ ಸುಮ್ಮನಾಗಬೇಕಾಗುತ್ತದೆ. ಹೈಪರ್‌ಲಿಂಕ್ಸ್, ಸಿಗ್ರಿಟಿ, ಎಚ್‌ಎಫ್‌ಎಸ್‌ಎಸ್ ಇವೆಲ್ಲ ಲಕ್ಷಗಳ ಮಾತು. ಎಷ್ಟು ಲಕ್ಷ ಎನ್ನುವುದು ಮಾರುವವರ ಜೊತೆ ಮಾತಿಗೆ ಕೂತ ಮೇಲೆಯೇ ಗೊತ್ತಾಗುವುದು. ಇವುಗಳಲ್ಲಿ ಅಗ್ಗದ್ದು ಯಾವುದೆಂದು ಹುಡುಕುವ ಮುಂಚೆ, ಇದು ಪ್ರತಿಯೊಬ್ಬರೂ ಕೊಳ್ಳಲೇಬೇಕಾದ ಸಾಮಾನೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅಲ್ಲ ಎಂಬುದು ನನ್ನ ವಾದ.

ಬೋರ್ಡಿನ ತಾಮ್ರದ ಗೆರೆಯಲ್ಲಿ ಸಿಗ್ನಲ್ ಒಂದು ನ್ಯಾನೊಸೆಕೆಂಡಿಗೆ ಸುಮಾರು 15 ಸೆಂ.ಮೀ. ಓಡುತ್ತದೆ. ಚಿಪ್ಪಿನ ಸಿಗ್ನಲ್ ಸೊನ್ನೆಯಿಂದ ಒಂದಕ್ಕೆ ಏರಲು ಒಂದು ನ್ಯಾನೊಸೆಕೆಂಡ್ ಹಿಡಿದರೆ, ಅದರ ಆರನೇ ಒಂದು ಭಾಗ, ಅಂದರೆ ಎರಡೂವರೆ ಸೆಂ.ಮೀ. ದಾಟಿದ ಗೆರೆಯನ್ನು ಬರಿಯ ತಂತಿ ಎಂದುಕೊಳ್ಳಬಾರದು ಎಂಬುದು ಈ ಕಸುಬಿನ ರೂಢಿಯ ಲೆಕ್ಕ. ವರುಣಾ ನಾಲೆಯ ನೀರು ತೂಬಿನ ಹಲಗೆಗೆ ಬಡಿದು ಹಿಂದಕ್ಕೆ ಅಲೆಯಾಗಿ ಬರುವಂತೆ, ಇಂಪೀಡೆನ್ಸ್ (ಸಿಗ್ನಲ್ಲಿಗೆ ಗೆರೆ ಒಡ್ಡುವ ತಡೆ) ಬದಲಾದ ಕಡೆಯಿಂದ ಸಿಗ್ನಲ್ಲೂ ಮರಳುತ್ತದೆ. ಇಲ್ಲಿ ಅನೇಕರು ಎಡವುವುದು ಕ್ಲಾಕಿನ ವೇಗ ನೋಡಿ. ‘ಬರೀ 8 ಮೆಗಾಹರ್ಟ್ಸ್ ತಾನೇ’ ಎನ್ನುತ್ತಾರೆ. ಲೆಕ್ಕಕ್ಕೆ ಬರುವುದು ಏರಿಕೆಯ ಸಮಯ. ತಯಾರಕರು ಅದೇ ಹೆಸರಿನ ಚಿಪ್ಪನ್ನು ಹೊಸ, ಚಿಕ್ಕ ಪ್ರಕ್ರಿಯೆಯಲ್ಲಿ ಮಾಡತೊಡಗಿದರೆ, ವರ್ಷಗಟ್ಟಲೆ ಸರಿಯಿದ್ದ ಬೋರ್ಡೂ ಕೈಕೊಡಬಹುದು.

ಈ ಅಲೆಯನ್ನು ತಡೆಯಲು ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. 1.6 ಮಿ.ಮೀ. ದಪ್ಪದ ಎರಡು ಪದರದ ಎಫ್‌ಆರ್-4 ಬೋರ್ಡಿನಲ್ಲಿ 50 ಓಮ್ ಇಂಪೀಡೆನ್ಸ್ ಬೇಕೆಂದರೆ ಗೆರೆಯ ಅಗಲ ಹತ್ತಿರ ಹತ್ತಿರ 3 ಮಿ.ಮೀ. ಆಗಬೇಕು. ಚಿಪ್ಪಿನ ಕಾಲುಗಳ ನಡುವೆ ಅಷ್ಟು ಜಾಗ ಎಲ್ಲಿಂದ? ಅದೇ ನಾಲ್ಕು ಪದರ ಮಾಡಿ, ಮೇಲಿನ ಗೆರೆಗೆ 0.2 ಮಿ.ಮೀ. ಕೆಳಗೇ ಗ್ರೌಂಡ್ ಪ್ಲೇನ್ ಕೊಟ್ಟರೆ 0.4 ಮಿ.ಮೀ.ನಷ್ಟು ಅಗಲ ಸಾಕು. ಹೆಚ್ಚಿನ ಎರಡು ಪದರಕ್ಕೆ ತೆರುವ ದುಡ್ಡು ಎಷ್ಟೋ ಸಿಮ್ಯುಲೇಷನ್ನನ್ನು ಉಳಿಸುತ್ತದೆ. ಪದರಗಳ ದಪ್ಪದ ವಿವರವನ್ನು ಬೋರ್ಡು ಮಾಡುವವರೇ ಕೊಡುತ್ತಾರೆ, ಆದರೆ ಲೇಔಟ್ ಶುರುವಾಗುವ ಮೊದಲೇ ಕೇಳಬೇಕು. ಚಿಪ್ಪಿನ ಪಕ್ಕದಲ್ಲೇ ಕೂರುವ, ಪೈಸೆಗಳ ಬೆಲೆಯ 22 ಅಥವಾ 33 ಓಮ್ ರೆಸಿಸ್ಟರ್ ಮರಳುವ ಅಲೆಯನ್ನು ಬಹುಪಾಲು ತಗ್ಗಿಸುತ್ತದೆ.

ಅದಕ್ಕಿಂತ ಮುಂದೆ ಹೋಗುವವರಿಗೂ ದಾರಿಯಿದೆ. 1973ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಬಂದ ಸರ್ಕ್ಯೂಟ್ ಸಿಮ್ಯುಲೇಷನ್ ತಂತ್ರಾಂಶ ಸ್ಪೈಸ್‌ನ ಸಂತತಿಯಾದ ಎನ್‌ಜಿಸ್ಪೈಸ್ ಮುಕ್ತ ತಂತ್ರಾಂಶ. ಚಿಪ್ಪಿನ ಒಳಗುಟ್ಟು ಬಿಡದೆ ಅದರ ಕಾಲಿನ ವರ್ತನೆಯನ್ನಷ್ಟೇ ಹೇಳುವ ಐಬಿಸ್ ಕಡತಗಳ ಪದ್ಧತಿ 1993ರಿಂದ ಇದೆ. ಬೋರ್ಡು ವಿನ್ಯಾಸದ ಮುಕ್ತ ತಂತ್ರಾಂಶವಾದ ಕಿಕ್ಯಾಡ್‌ನ 2023ರಲ್ಲಿ ಬಂದ ಏಳನೇ ಆವೃತ್ತಿ ಇವೆರಡನ್ನೂ ಜೋಡಿಸಿತು. ಐಐಟಿ ಬಾಂಬೆಯ ಫಾಸೀ ಯೋಜನೆಯ ಇಸಿಮ್ ಕೂಡ ಕಿಕ್ಯಾಡ್, ಎನ್‌ಜಿಸ್ಪೈಸ್‌ಗಳ ಮೇಲೆಯೇ ನಿಂತಿದೆ.

ಆದರೂ ಪುಕ್ಕಟೆಗೆ ಎಲ್ಲೆಯುಂಟು. ಡಿಡಿಆರ್4 ಮೆಮೊರಿ, ಹಲವು ಗಿಗಾಬಿಟ್ ವೇಗದ ಪಿಸಿಐ ಎಕ್ಸ್‌ಪ್ರೆಸ್ ಗೆರೆಗಳು ಬಂದವೆಂದರೆ ವಯಾ (ಪದರದಿಂದ ಪದರಕ್ಕೆ ಸಿಗ್ನಲ್ ದಾಟಿಸುವ ತೂತು), ಕನೆಕ್ಟರ್, ಅಕ್ಕಪಕ್ಕದ ಗೆರೆಗಳ ಕ್ರಾಸ್‌ಟಾಕ್ ಎಲ್ಲವನ್ನೂ ಮುಗಿದ ಲೇಔಟಿನಿಂದಲೇ ಎತ್ತಿ ನೋಡಬೇಕು. ಪುಕ್ಕಟೆ ತಂತ್ರಾಂಶವಾದ ಓಪನ್‌ಇಎಂಎಸ್‌ನಲ್ಲಿ ಒಂದು ವಯಾ ಪರೀಕ್ಷಿಸಬಹುದು. ಇಡೀ ಬೋರ್ಡನ್ನು ಅದಕ್ಕೆ ಉಣಿಸಲು ಹೋದರೆ ಎಂಜಿನಿಯರ ಸಂಬಳವೇ ಲೈಸೆನ್ಸನ್ನು ಮೀರೀತು. ಆಗ ಕದ್ದ ಪ್ರತಿಯ ಆಸೆ ಹುಟ್ಟುತ್ತದೆ. ನೀತಿಯ ಮಾತು ಬಿಟ್ಟರೂ, ಯಾವ ಉಪಕರಣದಲ್ಲಿ ಪರೀಕ್ಷಿಸಿದಿರಿ ಎಂದು ಗಿರಾಕಿ ಕೇಳಿದರೆ ವರದಿಯಲ್ಲಿ ಏನು ಬರೆಯುವುದು?

ಸಣ್ಣ ಘಟಕಕ್ಕೆ ಇಂಥ ಬೋರ್ಡು ವರ್ಷಕ್ಕೆ ಒಂದೋ ಎರಡೋ ಬರುತ್ತದೆ. ಪರೀಕ್ಷೆ ವಾರದಲ್ಲಿ ಮುಗಿಯುತ್ತದೆ, ಲೈಸೆನ್ಸು ಮಾತ್ರ ವರ್ಷದ್ದು. ಹಾಗಾಗಿ ಇದು ಹಂಚಿಕೊಳ್ಳಬೇಕಾದ ಉಪಕರಣ. ಮೈಸೂರಿಗೆ ಈ ವಿಚಾರ ಹೊಸದೇನಲ್ಲ. 1950ರಿಂದ ಚೆಲುವಾಂಬಾ ಮಹಲಿನಲ್ಲಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನೆರವಿನಿಂದ, ಸ್ವಂತ ಪ್ರಯೋಗಾಲಯ ಕಟ್ಟಲಾಗದ ಎಷ್ಟೋ ಸಣ್ಣ ಆಹಾರೋದ್ಯಮಿಗಳು ದಡ ಸೇರಿದ್ದಾರೆ. ಚಿಪ್ ವಿನ್ಯಾಸಕ್ಕೂ ಸರ್ಕಾರ ಇದನ್ನೇ ಮಾಡಿದೆ: ಬೆಂಗಳೂರಿನ ಸಿ-ಡ್ಯಾಕ್‌ನ ಚಿಪ್‌ಇನ್ ಕೇಂದ್ರ ಕಾಲೇಜುಗಳಿಗೂ ನವೋದ್ಯಮಗಳಿಗೂ ದುಬಾರಿ ತಂತ್ರಾಂಶಗಳನ್ನು ಒದಗಿಸುತ್ತಿದೆ. ಆ ಚಿಪ್ಪು ಕೊನೆಗೆ ಕೂರುವುದು ಬೋರ್ಡಿನ ಮೇಲೆ. ಬೋರ್ಡು ವಿನ್ಯಾಸ ಮಾಡುವವರಿಗೂ ಅಂಥದ್ದೇ ಏರ್ಪಾಡು ಬೇಕೆನ್ನುವುದು ದೊಡ್ಡ ಬೇಡಿಕೆಯಲ್ಲ.

ಊರಿನ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲೇ ಇದನ್ನು ನಡೆಸಬಾರದೇಕೆ ಎಂದು ಯಾರಿಗಾದರೂ ಹೊಳೆಯಬಹುದು. ತೊಡಕಿರುವುದು ಲೈಸೆನ್ಸಿನ ಷರತ್ತಿನಲ್ಲಿ. ಕಲಿಕೆಗೆಂದು ರಿಯಾಯಿತಿ ದರದಲ್ಲಿ ಕೊಟ್ಟ ಪ್ರತಿಯಲ್ಲಿ ಸಾಮಾನ್ಯವಾಗಿ ವ್ಯಾಪಾರದ ಕೆಲಸ ಮಾಡುವಂತಿಲ್ಲ. ಹೆಬ್ಬಾಳದ ಘಟಕದ ಬೋರ್ಡು ಅಲ್ಲಿ ಓಡಬೇಕಾದರೆ ವಾಣಿಜ್ಯ ಲೈಸೆನ್ಸನ್ನು ಯಾರಾದರೂ ಕೊಂಡು, ಗಂಟೆಯ ಲೆಕ್ಕದಲ್ಲಿ ಹೊರಗಿನವರಿಗೆ ಕೊಡುವ ಹಕ್ಕನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಒಂಟಿ ಘಟಕದ ಚೌಕಾಸಿಗೆ ಮಾರುವವರು ಬಗ್ಗುವುದಿಲ್ಲ. ಕೈಗಾರಿಕಾ ಸಂಘವೋ ಸರ್ಕಾರವೋ ಗಿರಾಕಿಯಾಗಿ ಎದುರು ಕೂತರೆ ಮಾತಿನ ಧಾಟಿ ಬೇರೆಯಾದೀತು.