ನೆಗಡಿಗೆ ಮೂಗು ಕೊಯ್ಯಬೇಕೆ?

ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಆದರೂ ಅದನ್ನು ಬಿಡದ ನಮ್ಮಂಥವರು ಮುಂಬಯಿಯಲ್ಲಿ ಇನ್ನೂ ಇದ್ದೇವೆ. ಗ್ಯಾರೇಜಿನಲ್ಲಿ ನಮಗೆ ಸಿಗುವ ತೀರ್ಪು ಒಂದೇ: ‘ಬೂಟು ಹರಿದಿದೆ, ಆಕ್ಸಲ್ ಪೂರ್ತಿ ಬದಲಾಯಿಸಿ.’ ನೆಗಡಿಯಾಯಿತೆಂದು ಮೂಗನ್ನೇ ಕೊಯ್ಯುವ ಈ ವೈದ್ಯವನ್ನು ನಾವು ಒಪ್ಪಲಾರೆವು.

ಬೂಟೆಂದರೆ ಮುಂದಿನ ಚಕ್ರ ತಿರುಗಿಸುವ ಆಕ್ಸಲಿನ ಕೀಲಿಗೆ ತೊಡಿಸಿದ ರಬ್ಬರಿನ ಚೀಲ. ಅದು ಹರಿದರೆ ಒಳಗಿನ ಗ್ರೀಸು ಹೊರಚಿಮ್ಮುತ್ತದೆ. ಮಳೆನೀರೂ ಮಣ್ಣೂ ಒಳಸೇರಿ ಉಕ್ಕಿನ ಗುಂಡುಗಳನ್ನು ಸವೆಸುತ್ತವೆ. ಆದರೆ ಹರಿದದ್ದು ಬೇಗ ಕಣ್ಣಿಗೆ ಬಿದ್ದರೆ, ಕೀಲನ್ನು ಬಿಚ್ಚಿ ತೊಳೆದು, ಅದಕ್ಕೆಂದೇ ಇರುವ ಮಾಲಿಬ್ಡಿನಂ ಗ್ರೀಸು ತುಂಬಿ, ಹೊಸ ಬೂಟು ಹಾಕಿದರೆ ಸಾಕು.

ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಕಾರು ನಡೆಸುವಾಗ ಚಕ್ರದ ಬಳಿ ‘ಕಟಕಟ’ ಸದ್ದು ಬಂದರೆ ಮಾತು ಬೇರೆ. ಸವೆದ ಉಕ್ಕನ್ನು ಯಾವ ಗ್ರೀಸೂ ಮತ್ತೆ ಬೆಳೆಸದು, ಕೀಲನ್ನು ಬದಲಾಯಿಸಲೇಬೇಕು. ಆದರೆ ಸವೆದ ಆ ಕೀಲನ್ನು ಮಾತ್ರ! ಶಾಫ್ಟು ನೆಟ್ಟಗಿದ್ದು, ಇನ್ನೊಂದು ತುದಿಯ ಕೀಲೂ ಗಟ್ಟಿಯಾಗಿದ್ದರೆ, ಇಡೀ ಆಕ್ಸಲನ್ನು ಗುಜರಿಗೆ ಹಾಕುವುದೇಕೆ? ಅದು ಬೇಗ ಮುಗಿಯುವ ಕೆಲಸ, ಬಿಲ್ಲೂ ದೊಡ್ಡದು. ಬಿಚ್ಚಿ ತೊಳೆಯುವುದಾದರೆ ಕೈ ಕೊಳೆಯಾಗಬೇಕು. ಹಾಗೆ ತಂದು ಕೂರಿಸುವ ಹೆಸರಿಲ್ಲದ ಅಗ್ಗದ ಆಕ್ಸಲಿಗಿಂತ ಕಾರಿನೊಡನೆ ಬಂದ ಹಳೆಯದೇ ಹೆಚ್ಚು ಕಾಲ ಬಾಳೀತು.

ತಪ್ಪು ಗ್ಯಾರೇಜಿನದಷ್ಟೇ ಅಲ್ಲ, ನಮ್ಮದೂ ಇದೆ. ಮಳೆಗಾಲಕ್ಕೆ ಮುನ್ನ ಛತ್ರಿಯನ್ನು ಬಿಡಿಸಿ ನೋಡುವ ನಾವು, ಕಾರಿನಡಿ ಒಮ್ಮೆ ಬಗ್ಗಿ ಬೂಟನ್ನು ನೋಡುವುದಿಲ್ಲ. ಸದ್ದನ್ನು ಅಲಕ್ಷಿಸಿ ಓಡಿಸುತ್ತ ಹೋದರೆ ಕೀಲು ಮುರಿದು ಕಾರು ನಡುರಸ್ತೆಯಲ್ಲೇ ನಿಂತೀತು. ಆಮೇಲೆ ಉಳಿತಾಯದ ಮಾತಾಡಿ ಫಲವೇನು?

ಆದುದರಿಂದ ವಾಚಕ ಮಿತ್ರರೇ, ಹಣ ಬಿಚ್ಚುವ ಮೊದಲು ಕೀಲು ಬಿಚ್ಚಿಸಿ. ‘ಸವೆದದ್ದನ್ನು ತೋರಿಸಿ, ಆಮೇಲೆ ಬದಲಿಸಿ’ ಎನ್ನಲು ಸಂಕೋಚ ಬೇಡ.