ಪುಕ್ಕಟೆ ಸ್ಟೇ ಬೇಡ

‘ಸ್ಟೇ ತಂದಿದೀನಿ’ ಎಂದು ಯಾರಾದರೂ ಮೀಸೆ ತಿರುವಿದರೆ, ವಕೀಲರ ಗುಮಾಸ್ತನಾಗಿ ತಲೆ ನರೆಸಿಕೊಂಡ ನಾನು ಕೇಳುವುದು ಇಷ್ಟೇ: ಎಷ್ಟು ಕಟ್ಟಿ ತಂದಿರಿ ಸ್ವಾಮಿ?

ಅಪೀಲು ಹಾಕಿದ ಮಾತ್ರಕ್ಕೆ ಕೆಳಗಿನ ಕೋರ್ಟಿನ ಡಿಕ್ರಿ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆಯೇ ಅರ್ಜಿ, ಅದಕ್ಕೊಂದು ಅಫಿಡವಿಟ್ಟು ಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮ ಕೇಳುವುದು ಮೂರು. ತಡೆ ಕೊಡದಿದ್ದರೆ ಭಾರಿ ನಷ್ಟವಾಗಬೇಕು, ಅರ್ಜಿದಾರ ತಡಮಾಡದೆ ಬಂದಿರಬೇಕು, ಸೋತರೆ ಡಿಕ್ರಿ ಪಾಲಿಸುವುದಕ್ಕೆ ಜಾಮೀನು ಕೊಟ್ಟಿರಬೇಕು. ಮೊದಲೆರಡನ್ನು ಟೈಪಿಸ್ಟಿಗೆ ಹೇಳಿಕೊಡಬೇಕಾಗಿಯೇ ಇಲ್ಲ, ಬೆರಳಿಗೇ ಬಾಯಿಪಾಠ. ಮೂರನೆಯದಕ್ಕೆ ಬಂದಾಗ ಮಾತ್ರ ಕಕ್ಷಿದಾರರು ಫ್ಯಾನು ನೋಡುತ್ತಾರೆ.

ಮಲ್ಲೇಶ್ವರದ ಕ್ರಾಸುಗಳಲ್ಲಿ, ಗಾಂಧಿ ಬಜಾರಿನಲ್ಲಿ ಹಳೆ ಮನೆಯ ಮುಂದಿನ ಮಳಿಗೆಗಳ ಕಥೆ ಇದೇ. ಬಾಡಿಗೆ ಅಜ್ಜನ ಕಾಲದ್ದು. ವರ್ಷಗಟ್ಟಲೆ ನಡೆದು ತೆರವಿನ ಡಿಕ್ರಿಯಾಗಿ, ಅಮೀನ ಬಾಗಿಲಿಗೆ ಬರುವ ಹೊತ್ತಿಗೆ ಸ್ಟೇ. ಹಳೆ ಬಾಡಿಗೆಗೇ ಕೂತಿರಬಹುದಾದರೆ ಅಪೀಲು ಬೇಗ ಮುಗಿಯಲಿ ಎಂದು ಬಾಡಿಗೆದಾರನಿಗೆ ಏಕನ್ನಿಸಬೇಕು?

ಇದಕ್ಕೆ ಮದ್ದು 2004ರಲ್ಲೇ ಸುಪ್ರೀಂ ಕೋರ್ಟಿನಿಂದ ಬಂದಿದೆ, ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ. ದೆಹಲಿಯ ಕನಾಟ್ ಸರ್ಕಸ್‌ನ ಜಾಗ, 1944ರಿಂದ ಬಾಡಿಗೆಗೆ, ತಿಂಗಳಿಗೆ 371 ರೂಪಾಯಿ 90 ಪೈಸೆ. ಸ್ಟೇ ಬೇಕಿದ್ದರೆ ತಿಂಗಳಿಗೆ 15,000 ರೂಪಾಯಿ ಠೇವಣಿ ಇಡು ಎಂದಿತ್ತು ನ್ಯಾಯಮಂಡಳಿ. ಹೈಕೋರ್ಟು ಆ ಷರತ್ತನ್ನು ತೆಗೆದುಹಾಕಿತು, ಸುಪ್ರೀಂ ಕೋರ್ಟು ಅದನ್ನು ಮತ್ತೆ ಜಾರಿಗೆ ತಂದಿತು. ಡಿಕ್ರಿಯಾದ ಮೇಲೂ ಕೂತಿರುವವನು ಇಂದಿನ ದರ ಕೊಡಲಿ ಎಂಬುದು ಅದರ ತಾತ್ಪರ್ಯ.

ಆರು ತಿಂಗಳಾದರೆ ಸ್ಟೇ ತಾನಾಗಿ ಬಿದ್ದುಹೋಗಲಿ ಎಂದೂ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿ ನೋಡಿತ್ತು. 2024ರ ಫೆಬ್ರವರಿ 29ರಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಅಳಿಸಿತು. ಸರಿಯಾಯಿತು ಅನ್ನುತ್ತೇನೆ. ಕೋರ್ಟಿಗೆ ಬಿಡುವಿಲ್ಲದ್ದಕ್ಕೆ ಕಕ್ಷಿದಾರ ಬೀದಿಗೆ ಬೀಳಬೇಕೆ? ಸ್ಟೇಗೆ ಕಡಿವಾಣ ಹಾಕಬೇಕಾದ್ದು ದುಡ್ಡಿನಿಂದ, ದಿನದಿಂದಲ್ಲ.

ಎಲ್ಲವನ್ನೂ ದುಡ್ಡಿನಲ್ಲಿ ಅಳೆಯಲಾಗುವುದಿಲ್ಲ, ಒಪ್ಪಿದೆ. ನಮ್ಮ ಚಾಮರಾಜಪೇಟೆಯ ಈದ್ಗಾ ಮೈದಾನವನ್ನೇ ನೋಡಿ. ಅಲ್ಲಿ ಗಣೇಶನ ಪೂಜೆ ಮಾಡಬಹುದೇ ಎಂಬ ಜಗಳಕ್ಕೆ 2022ರ ಆಗಸ್ಟ್ 25ರಂದು ಹೈಕೋರ್ಟಿನ ಏಕಸದಸ್ಯ ಪೀಠದ ಮಧ್ಯಂತರ ಆದೇಶ, ಮರುದಿನವೇ ವಿಭಾಗೀಯ ಪೀಠದಿಂದ ಮಾರ್ಪಾಡು, 30ರ ಸಂಜೆ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳಿಂದ ಯಥಾಸ್ಥಿತಿ. ಮಾರನೆಯ ದಿನ ಗಣೇಶ ಚೌತಿ. ಯಾರು ಗೆದ್ದರು, ಯಾರು ಸೋತರು ಎಂದು ಪೇಟೆಯೆಲ್ಲ ಲೆಕ್ಕ ಹಾಕಿತು. ಯಾರೂ ಗೆದ್ದಿರಲಿಲ್ಲ. ಜಾಗ ಯಾರದೆಂಬ ವ್ಯಾಜ್ಯವನ್ನು ಸುಪ್ರೀಂ ಕೋರ್ಟು ಹೈಕೋರ್ಟಿನಲ್ಲೇ ಮುಂದುವರಿಸಲು ಬಿಟ್ಟಿತ್ತು. ಪೂಜೆ ಬೇರೆ ಕಡೆ ಮಾಡಿ ಎಂದೂ ಹೇಳಿತ್ತು. ಮೈದಾನದಲ್ಲಿ ಒಮ್ಮೆ ನಡೆದುಹೋದದ್ದನ್ನು ಮುಂದಿನ ಯಾವ ತೀರ್ಪೂ ಹಿಂದಕ್ಕೆ ತರಲಾರದು. ಇಂಥ ಕಡೆ ಠೇವಣಿಯ ಮಾತಿಗೆ ಅರ್ಥವಿಲ್ಲ, ತಡೆಯೇ ನ್ಯಾಯ.

ಮಳಿಗೆಯ ಬಾಡಿಗೆ ಹಾಗಲ್ಲ. ಅದು ಎಣಿಸಿ ಕೊಡಬಹುದಾದ ನಷ್ಟ, ಎಣಿಸಿಯೇ ಕೊಡಲಿ. ಮಾಲೀಕರಿಗೂ ಒಂದು ಮಾತು. ಡಿಕ್ರಿಯಾಯಿತೆಂದು ಸಿಹಿ ಹಂಚುವ ಮೊದಲು ಮೇಲಿನ ಕೋರ್ಟಿನಲ್ಲಿ ‘ನಮ್ಮನ್ನು ಕೇಳದೆ ತಡೆ ಕೊಡಬೇಡಿ’ ಎಂಬ ಕೇವಿಯಟ್ ಹಾಕಿ, 90 ದಿನ ಊರ್ಜಿತದಲ್ಲಿರುತ್ತದೆ. ಸ್ಟೇ ಅರ್ಜಿ ಬಂದ ದಿನ ಪಕ್ಕದ ಮಳಿಗೆಯ ಈಗಿನ ಬಾಡಿಗೆ ಕರಾರಿನ ನಕಲು ನಿಮ್ಮ ವಕೀಲರ ಕೈಯಲ್ಲಿರಲಿ. ಕಾಗದವಿಲ್ಲದೆ ‘ಇಲ್ಲೆಲ್ಲ ಬಾಡಿಗೆ ಜಾಸ್ತಿ’ ಎಂದು ಬಾಯಲ್ಲಿ ಹೇಳಿದರೆ ನ್ಯಾಯಾಧೀಶರು ಯಾವ ದರ ಬರೆಯಬೇಕು?